ಟಗರಿನ ಇನ್ನೊಂದು ಮಗ್ಗುಲು

ಆ ಊರಲ್ಲಿ ಟಗರುಗಳಿಗೆ ಹೆಸರಿತ್ತು, ಮನುಷ್ಯರಿಗೆ ಇರಲಿಲ್ಲ. ಬಂಡೆ, ಸಿಡಿಲು, ಕರಿಗುಂಡು ಎಂದು ಟಗರುಗಳನ್ನು ಮನೆಯ ಹಿರಿಮಗನ ಹಾಗೆ ಬಾಯ್ತುಂಬ ಕರೆಯುತ್ತಿದ್ದರು. ಮನುಷ್ಯರಿಗೆ ಮಾತ್ರ ಸುಣ್ಣದವನು, ನೀರಿನವಳು, ಚಾಟಿಯವನು ಅಂದರೆ ಸಾಕಿತ್ತು. ಇದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದು ಯಾರಿಗೆ ತಾನೇ ವಿಚಿತ್ರ ಅನ್ನಿಸುತ್ತದೆ?

ಊರಿನ ಕಟ್ಟಳೆ ಒಂದೇ. ಬಾಯಲ್ಲಿ ಆಡಿದ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ, ಅದು ಹೊಗೆಗೆ ಸಮ. ಹೇಳಲೇಬೇಕಾದ ಮಾತಿದ್ದರೆ ಅದನ್ನು ಟಗರಿನ ಮೈಮೇಲೆ ಮಸಿಯಲ್ಲಿ ಬರೆಯಬೇಕು, ಅಮಾವಾಸ್ಯೆಯ ಹಗಲು ಕಾಳಗದ ಕಣಕ್ಕೆ ಇಳಿಸಬೇಕು. ಗೆದ್ದ ಟಗರಿನ ಮೈಮೇಲಿದ್ದದ್ದು ನಿಜ. ಸೋತ ಟಗರಿನ ಮೈಮೇಲಿದ್ದದ್ದು ಸುಳ್ಳು. ಸುಳ್ಳನ್ನು ಯಾರೂ ಓದಬಾರದು. ಆದ್ದರಿಂದ ಟಗರು ಬಿದ್ದ ಕೂಡಲೇ ಬೂದಿಯವನು ಬುಟ್ಟಿ ಹೊತ್ತು ಓಡಿ ಬರುತ್ತಿದ್ದ, ಮುಖ ಅತ್ತ ತಿರುಗಿಸಿಕೊಂಡು ಅಕ್ಷರ ಮುಚ್ಚುವಷ್ಟು ಬೂದಿ ಸುರಿಯುತ್ತಿದ್ದ. ಚಾಟಿಯವನು ಬರೆದವರ ಬೆನ್ನು ಹರಿಯುವ ಹಾಗೆ ಬಾರಿಸುತ್ತಿದ್ದ. ಟಗರಿನ ಕತ್ತನ್ನು ಅಲ್ಲೇ ಕೊಯ್ದು ಮಾಂಸವನ್ನು ಗೆದ್ದವನ ಮನೆಗೆ ಕಳಿಸುತ್ತಿದ್ದರು. ಗೆದ್ದದ್ದು ನಿಜ, ಸೋತದ್ದು ಸುಳ್ಳು.

ಹೀಗಾಗಿ ಆ ಊರಿನವರೆಲ್ಲ ಟಗರು ಮೇಯಿಸುವುದರಲ್ಲಿ ಪಳಗಿದ್ದರೇ ಹೊರತು ಬರೆಯುವುದರಲ್ಲಿ ಅಲ್ಲ. ವರ್ಷವಿಡೀ ಹತ್ತಿಕಾಳು, ಹುರುಳಿ ತಿನ್ನಿಸುವರು, ಕೊಂಬಿಗೆ ಎಣ್ಣೆ ತಿಕ್ಕುವರು. ಕಾಳಗದ ಬೆಳಿಗ್ಗೆ ಮೂಗಿಗೆ ಮೆಣಸಿನಪುಡಿ ತುರುಕಿ, ಗಂಟಲಿಗೆ ಸಾರಾಯಿ ಹೊಯ್ದು, ಅದು ಕಣ್ಣು ಕೆಂಪಗೆ ಮಾಡಿಕೊಂಡು ಹಗ್ಗ ಹರಿಯುವಾಗ ನಾಲ್ಕಾಳು ಮೇಲೆ ಬಿದ್ದು ಅದುಮಿ ಹಿಡಿಯುವರು. ಆಗ ಬರೆಯುವವನು ಕುಂಚ ಅದ್ದಬೇಕು. ಆ ಒದ್ದಾಟದಲ್ಲಿ ಬರೆದದ್ದು ಎಷ್ಟು ತಾನೇ ಚೆನ್ನಾಗಿದ್ದೀತು? ಒಂದೋ ಎರಡೋ ಪದ, ಅದೂ ಬೈಗುಳ. ಕಳ್ಳ. ಹಾದರಗಿತ್ತಿ. ಕೊಲ್ಲು. ಬರವಣಿಗೆ ಅಂದರೆ ಅಷ್ಟೇ ಅಂತ ಊರು ತಿಳಿದಿತ್ತು. ಸಿಟ್ಟು ನೆತ್ತಿಗೇರಿದ ದಿನ ಮಾತ್ರ ಕೈಗೆ ಕುಂಚ, ಉಳಿದ ದಿನ ಅದು ಸೂರಿನ ಸಂದಿಯಲ್ಲಿ ಒಣಗುತ್ತ ಬಿದ್ದಿರುತ್ತಿತ್ತು.

ಕಣ ಗುಡ್ಡದ ಬುಡದಲ್ಲಿತ್ತು. ಜನ ಇಳಿಜಾರಿನಲ್ಲಿ ಕೂರುತ್ತಿದ್ದರು. ಎದುರು ಬದಿಗೆ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಕಣದ ಯಜಮಾನ ಒಬ್ಬನೇ. ಯಜಮಾನನ ಮನೆಯ ಹಿರಿಮಗನಿಗೆ ಎಳೆ ಪ್ರಾಯದಲ್ಲೇ ಬಲಗೈಗೆ ಹಿತ್ತಾಳೆಯ ಕಡಗ ತೊಡಿಸುವುದು ಪದ್ಧತಿ. ಊರಲ್ಲಿ ಬೇರೆ ಯಾರೂ ಅದನ್ನು ತೊಡುವಂತಿಲ್ಲ. ಈ ಯಜಮಾನನ ಮೈ ಬೆಳೆದಂತೆ ಅವನ ಕಡಗ ಮಾಂಸದಲ್ಲಿ ಹೂತು ಕೂತು, ಕೈ ಮೇಲೆತ್ತಿದಾಗಲೆಲ್ಲ ಬಿಸಿಲಿಗೆ ಮಿಂಚುತ್ತಿತ್ತು. ಅವನ ಟಗರು ಬಂಡೆ. ಬಂಡೆ ಸೋತದ್ದನ್ನು ಯಾರೂ ಕಂಡಿರಲಿಲ್ಲ. ಒಮ್ಮೆ ಜಾರಿದ್ದನ್ನು ಮಾತ್ರ ಕಂಡಿದ್ದರು.

ಮಳೆ ಬಿದ್ದ ಮರುದಿನದ ಕಾಳಗ ಅದು. ಓಡಿ ಬಂದ ಬಂಡೆ ಕೆಸರಲ್ಲಿ ಕಾಲುಜಾರಿ ಅಂಡೂರಿ ಕೂತುಬಿಟ್ಟಿತು. ಎದ್ದು ಗೆದ್ದಿತು, ಅದು ಬೇರೆ ಮಾತು. ಆದರೆ ಅದು ಕೂತ ಗಳಿಗೆಯಲ್ಲಿ ಇಡೀ ಊರು ಉಸಿರು ಬಿಗಿಹಿಡಿದಿದ್ದಾಗ ಸುಣ್ಣದ ಗೂಡಿನ ಹುಡುಗ ಒಬ್ಬ ಗೊಳ್ಳೆಂದು ನಕ್ಕ. ಅವನು ನಗುವವನೇ, ನಕ್ಕ. ಯಜಮಾನ ತಲೆ ಎತ್ತಿ ಇಳಿಜಾರಿನತ್ತ ನೋಡಿದ. ಅಷ್ಟೇ ನಡೆದದ್ದು.

ಆ ವಾರವೇ ಆ ಹುಡುಗ ಉರಿಯುವ ಸುಣ್ಣದ ಗೂಡಿನೊಳಗೆ ಬಿದ್ದು ಸತ್ತ. ಮುಂದಿನ ಅಮಾವಾಸ್ಯೆಗೆ ಬಂಡೆಯ ಮೈಮೇಲೆ ಹೀಗೆ ಬರೆದಿತ್ತು: ಸುಣ್ಣದವನು ಕುಡಿದು ಬಿದ್ದ. ಬಂಡೆ ಗೆದ್ದಿತು. ಅಂದಿನಿಂದ ಅದು ನಿಜ.

ಸತ್ತವನಿಗೆ ಒಬ್ಬಳು ತಂಗಿಯಿದ್ದಳು. ಊರೆಲ್ಲ ಅವಳನ್ನು ತಂಗಿ ಅಂತಲೇ ಕರೆಯುತ್ತಿತ್ತು. ಅಣ್ಣ ಇಲ್ಲವಾದ ಮೇಲೂ ಹಾಗೇ ಕರೆಯಿತು. ಅಣ್ಣ ಸತ್ತ ದಿನ ಅವಳು ಗೂಡಿಗೆ ಬುತ್ತಿ ಒಯ್ದಿದ್ದಳು. ನೀರು ತರಲೆಂದು ಕಲ್ಲುರಾಶಿಯ ಹಿಂದೆ ಹೋದಾಗ ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು. ಕಂಡದ್ದನ್ನು ಓಡಿ ಬಂದು ತಾಯಿಗೆ ಹೇಳಿದಳು. ತಾಯಿ ಎದೆ ಬಡಿದುಕೊಂಡು ಅತ್ತಳು, ಮಗಳ ಮಾತನ್ನು ಅಕ್ಷರಾಕ್ಷರ ನಂಬಿದಳು. ಆದರೆ ಅಮಾವಾಸ್ಯೆ ಕಳೆದ ಮೇಲೆ ಬಾಗಿಲಿಗೆ ಯಾರು ಬಂದು ಕೇಳಿದರೂ ತಾಯಿ ಸೆರಗಿನಿಂದ ಮೂಗು ಒರೆಸುತ್ತ, "ಕುಡದು ಬಿದ್ದ ನನ್ನ ಮಗ" ಅನ್ನತೊಡಗಿದಳು.

"ಅವ್ವಾ, ಅಣ್ಣ ಎಂದಾರ ಕುಡದಾನೇನು?" ಅಂದಳು ತಂಗಿ.

"ಬಂಡೆ ಗೆದ್ದೈತಲ್ಲವಾ. ನಾ ಏನ್ ಮಾಡ್ಲಿ? ನಾ ಅನ್ನಲಿಲ್ಲಂದ್ರ ನಾನ ಸುಳ್ಳಿ ಆಗ್ತೀನಿ."

ಹೆತ್ತ ಬಾಯಲ್ಲಿ ಆ ಮಾತು ಕೇಳುವುದು ತಂಗಿಗೆ ಅಣ್ಣ ಬಿದ್ದದ್ದಕ್ಕಿಂತ ಕಷ್ಟವಾಯಿತು. ಆ ಮಾತು ತಾಯಿಯ ಬಾಯಿಂದ ಹೋಗಬೇಕು. ಅವಳಿಗೆ ಬೇಕಿದ್ದದ್ದು ಇದೊಂದೇ.

ಮನೆಯಲ್ಲಿದ್ದ ಕೆಂಚು ಟಗರಿಗೆ ಅವಳೂ ಎಲ್ಲರಂತೆ ಮೆಣಸಿನಪುಡಿ ಹಾಕಿದಳು, ಸಾರಾಯಿ ಹೊಯ್ದಳು. ಹಿಡಿದವರ ಕೈ ಮೀರಿ ಅದು ಕುಣಿಯುತ್ತಿದ್ದಾಗ ಕುಂಚ ಎತ್ತಿದಳು. ಕೈ ಗಡಗಡ ನಡುಗಿತು. ಹೇಳಬೇಕಾದದ್ದು ಬೆಟ್ಟದಷ್ಟಿತ್ತು, ಬರೆದದ್ದು ಒಂದು ಪದ: ಕೊಲೆ. ಅದೂ ಸೊಟ್ಟಗೆ ಹಬ್ಬಿ ಯಾರಿಗೂ ಓದಲು ಬರುವಂತಿರಲಿಲ್ಲ. ಕಣಕ್ಕಿಳಿದ ಮೇಲೆ ಮೊದಲ ಡಿಕ್ಕಿಗೇ ಕೆಂಚನ ತಲೆಬುರುಡೆ ಒಡೆಯಿತು, ಮೂಗಿಂದ ಬಾಯಿಂದ ರಕ್ತ ಹರಿಯಿತು. ಬೂದಿಯವನು ಓಡಿ ಬಂದ. ಚಾಟಿ ಬೆನ್ನ ಮೇಲೆ ಬೀಳುವಾಗ ತಂಗಿ ಒಮ್ಮೆಯೂ ಕೂಗಲಿಲ್ಲ. ಮನೆಗೆ ಬಂದ ಮೇಲೆ, ಗೋಡೆಗೆ ಮುಖ ಮಾಡಿ, ತನ್ನ ಕೈಯನ್ನು ತಾನೇ ಕಚ್ಚಿಕೊಂಡು ಅತ್ತಳು. ಇಂಥ ದರಿದ್ರ ಕೈ ಯಾಕಾದರೂ ಇರಬೇಕು ಅನ್ನಿಸಿತು.

ಊರಿಗೆಲ್ಲ ಮಸಿ ಮಾಡಿ ಕೊಡುವ ಒಬ್ಬ ಮುದುಕಿಯಿದ್ದಳು. ದೀಪದ ಕಾಡಿಗೆಗೆ ಜಾಲಿಯ ಗೋಂದು ಅರೆದು ಮಸಿ ಮಾಡುವುದೊಂದೇ ಅವಳ ಕಸುಬು, ಬಯ್ಯುವುದೊಂದೇ ಅವಳ ಹವ್ಯಾಸ. ತಂಗಿಯ ಬೆನ್ನಿಗೆ ಅರಿಶಿನ ಹಚ್ಚಲು ಬಂದವಳು ಹಚ್ಚುತ್ತಲೇ ಶುರುಮಾಡಿದಳು.

"ಏನ ಬರದೆವ್ವ ಅದು? ಕಾಗಿ ಕಾಲಾಗ ಮಸಿ ಮೆತ್ತಿಕೊಂಡು ಕುಣದಂಗ ಇತ್ತು."

"ನನಗ ಬರಿಯಾಕ ಬರೂದಿಲ್ಲ ಅಜ್ಜಿ. ಕೈ ನಡಗತೈತಿ."

"ವರ್ಷಕ್ಕೊಮ್ಮೆ ಕುಂಚ ಹಿಡದ್ರ ನಡಗದ ಮತ್ತೇನ ಮಾಡೀತು? ಮತ್ತ ನೀ ಬರದದ್ದು ನಿನ್ನ ಸಿಟ್ಟು. ಗೂಡಿನ ಹತ್ರ ಏನಾತು ಅನ್ನೂದನ್ನ ಬರದ್ಯೇನು? ಇಲ್ಲ. ನಿನ್ನ ಸಿಟ್ಟು ತಗೊಂಡು ನಾ ಏನ್ ಮಾಡ್ಲಿ, ನನ್ನ ಹತ್ರ ಬೇಕಾದಷ್ಟೈತಿ."

ಮುದುಕಿ ಹೋಗುವಾಗ ಕೊಟ್ಟಿಗೆಯ ಮೂಲೆಯಲ್ಲಿದ್ದ ಒಂದು ಬಿಳಿಯ ಮರಿಯನ್ನು ಬೆರಳಲ್ಲಿ ತೋರಿಸಿದಳು. ತಾಯಿಯಿಲ್ಲದೆ ಮನೆಯ ಎಮ್ಮೆಹಾಲು ಕುಡಿದು ಬೆಳೆದ ಮರಿ ಅದು, ಹೆಸರು ಬೆಣ್ಣೆ. ಕಾಳಗದ ಟಗರಿಗೆ ಇಡುವ ಹೆಸರಂತೂ ಅಲ್ಲ. "ನಾಳೆ ಮುಂಜಾನಿಂದ ಅದರ ಮ್ಯಾಲ ಬರಿ. ಸಂಜೀಕ ತೊಳಿ. ನಾಡದ್ದ ಮತ್ತ ಬರಿ. ದೊಡ್ಡ ಮಾತು ಬ್ಯಾಡ. ಕಂಡದ್ದು ಬರಿ, ಸಾಕು."

ಮರುದಿನ ಬೆಳಿಗ್ಗೆ ತಂಗಿ ಬೆಣ್ಣೆಯನ್ನು ಕಂಬಕ್ಕೆ ಕಟ್ಟಿ, ಉಣ್ಣೆ ಸಣ್ಣಗೆ ಕತ್ತರಿಸಿ, ಕುಂಚ ಅದ್ದಿದಳು. ತಣ್ಣನೆಯ ಮಸಿ ತಾಗಿದ್ದೇ ತಡ ಮರಿ ಹಿಂಗಾಲಲ್ಲಿ ಅವಳ ಬಾಯಿಗೇ ಒದ್ದಿತು. ಮುಂದಿನ ಹಲ್ಲು ಮುರಿಯಿತು. ರಕ್ತ ಉಗಿದು ಮತ್ತೆ ಕೂತಳು. ಏನು ಬರೆಯುವುದು? ಬಾವಿಯ ಹಗ್ಗ ಹರಿಯಿತು ಅಂತ ಬರೆದಳು. ಸಂಜೆ ಅಂಟುವಾಳದ ನೀರಲ್ಲಿ ತೊಳೆದಳು. ಅದಕ್ಕಿಂತ ಸಪ್ಪೆಯಾದ ಮಾತು ಪ್ರಪಂಚದಲ್ಲಿ ಇರಲಾರದು ಅಂತ ಅವಳಿಗೇ ನಾಚಿಕೆಯಾಯಿತು. ಆದರೂ ಮರುದಿನ ಬರೆದಳು, ತೊಳೆದಳು. ಬರೆಯುವುದು, ತೊಳೆಯುವುದು. ಜ್ವರ ಬಂದ ದಿನವೂ ಬರೆದಳು, ಅಣ್ಣನ ತಿಥಿಯ ದಿನವೂ ಬರೆದಳು, ಬರೆಯಲು ಏನೂ ಇಲ್ಲದ ದಿನ ಏನೂ ಇಲ್ಲ ಅಂತ ಬರೆದಳು. ಬರೆಯುವುದು, ತೊಳೆಯುವುದು, ಮತ್ತೆ ಬರೆಯುವುದು.

ಯಾವ ದಿನ ಮರಿ ಒದೆಯುವುದನ್ನು ನಿಲ್ಲಿಸಿತೋ ಗೊತ್ತಿಲ್ಲ. ಯಾವ ದಿನ ಕೈ ನಡುಗುವುದನ್ನು ನಿಲ್ಲಿಸಿತೋ ಅದೂ ಗೊತ್ತಿಲ್ಲ. ಒಂದು ಬೆಳಿಗ್ಗೆ ನೋಡುತ್ತಾಳೆ, ಕೋಡು ಸುರುಳಿ ಸುತ್ತಿದ ದೊಡ್ಡ ಟಗರೊಂದು ಹಗ್ಗವಿಲ್ಲದೆ ತಾನಾಗಿ ಬಂದು ಅವಳ ಮುಂದೆ ಅಡ್ಡ ನಿಂತಿದೆ. ಕುಂಚ ತಾಗಿದರೆ ಕಣ್ಣು ಅರೆಮುಚ್ಚುತ್ತಿತ್ತು. ಎಡಮಗ್ಗುಲು ಮುಗಿದರೆ ಹೇಳದೆಯೇ ತಿರುಗಿ ಬಲಮಗ್ಗುಲು ಕೊಡುತ್ತಿತ್ತು. ಮಾತು ಒಂದು ಮಗ್ಗುಲಲ್ಲಿ ಮುಗಿಯದೆ ಇನ್ನೊಂದಕ್ಕೆ ಹರಿಯುವಷ್ಟು ಬೆಳೆದಿತ್ತು.

ಬರೆದ ಮೇಲೆ ಟಗರನ್ನು ಮೇಯಿಸಬೇಕಲ್ಲ. ಹಳ್ಳದ ದಂಡೆಗೆ ಹೊಡೆದುಕೊಂಡು ಹೋಗುತ್ತಿದ್ದಳು. ಅಲ್ಲಿಗೆ ನೀರಿಗೆ ಬರುವ ಹೆಂಗಸರು ಕಂಡರು. ಕಣಕ್ಕೆ ಇಳಿಯದ ಟಗರಿನ ಮೈಮೇಲಿದ್ದದ್ದು ನಿಜವೋ ಸುಳ್ಳೋ ಕಟ್ಟಳೆ ಹೇಳಿರಲಿಲ್ಲ. ಹಾಗೆ ಬರೆಯುವ ಹುಚ್ಚರು ಹುಟ್ಟುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ. ಹೆಂಗಸರು ಮೊದಲು ಓರೆಗಣ್ಣಲ್ಲಿ ಓದಿದರು. ಪಾಳುಬಾವಿಯೊಳಗೆ ಬೆಕ್ಕು ಮರಿ ಹಾಕಿದೆ, ಮೇಲೆ ಹತ್ತಲಾಗದೆ ಅದು, ಅಂತ ಎಡಮಗ್ಗುಲಲ್ಲಿ ಇತ್ತು. ಕೊಡ ಇಳಿಸಿ ಆಚೆ ಬದಿಗೆ ಸುತ್ತಿ ಹೋದರು. ಒಂದೊಂದೇ ಮರಿಯನ್ನು ಕಲ್ಲಿನ ಬಿರುಕಲ್ಲಿ ಇಡುತ್ತಿದೆ, ಅಂತ ಬಲಮಗ್ಗುಲಲ್ಲಿ ಇತ್ತು. ಮರುದಿನ ಹಳ್ಳದಲ್ಲಿ ನೀರಿಗಿಂತ ಹೆಚ್ಚು ಹೆಂಗಸರಿದ್ದರು.

"ಬೆಕ್ಕಿನ ಮರಿ ಏನಾದುವ ತಂಗಿ?"

"ಓದ್ರಿ. ಅಲ್ಲೇ ಬರದೀನಿ."

ಅವರಲ್ಲಿ ಬೂದಿಯವನ ಹೆಂಡತಿ ಒಬ್ಬಳು. ದಿನವೂ ಓದಿದ್ದನ್ನು ಮನೆಗೆ ಹೋಗಿ ಗಂಡನಿಗೆ ರೊಟ್ಟಿ ನೀಡುತ್ತ ಹೇಳುತ್ತಿದ್ದಳು. ಜೀವಮಾನವೆಲ್ಲ ಮುಖ ತಿರುಗಿಸಿಯೇ ಬದುಕಿದ ಆ ಮನುಷ್ಯ ತುತ್ತು ಕೈಯಲ್ಲೇ ಹಿಡಿದು, "ಆಮ್ಯಾಲ?" ಅನ್ನುತ್ತಿದ್ದನಂತೆ.

ಎಲ್ಲರಿಗೂ ಇಷ್ಟವಾಯಿತು ಅಂತಲ್ಲ. ಟಗರು ಸಾಕುವ ಗಂಡಸರಿಗೆ ಮೈ ಉರಿಯಿತು. ಇದೂ ಒಂದು ಬರವಣಿಗೆಯೇ, ಬೆಕ್ಕು ನಾಯಿ ಅಂತ, ಎಂದು ನಕ್ಕರು. ಒಂದು ದಿನ ಯಾರೋ ಬೆಣ್ಣೆಯ ಮೈಮೇಲೆ ಅಕ್ಷರ ಕಾಣದ ಹಾಗೆ ಸೆಗಣಿ ಎರಚಿದರು, ಕಲ್ಲು ಬೀರಿ ಅದರ ಕಣ್ಣಿನ ಹುಬ್ಬು ಒಡೆದರು. ತಂಗಿ ಮನೆಗೆ ಬಂದು ಕುಂಚವನ್ನು ಒಲೆಯ ಹತ್ತಿರ ಎಸೆದಳು.

ಮಸಿಮುದುಕಿ ಅದನ್ನು ಎತ್ತಿ ಬೂದಿ ಒರೆಸಿ ಮತ್ತೆ ಕೊಟ್ಟಳು. "ಸಗಣಿ ಒಗದಾಂವ ಓದ್ಯಾನಲ್ಲ. ಓದದ ಇದ್ದಾವ್ರು ಯಾಕ ಒಗೀತಾರ? ಒಬ್ಬ ಹೆಚ್ಚಿಗಿ ಓದಿದ ಅಂತ ತಿಳಿ."

"ನಿನಗ ಹೇಳಾಕ ಸಸಾರ, ಬರಿಯೂದು ಕಷ್ಟ."

"ಹೌದವ್ವ, ಸಸಾರ. ಅದಕ್ಕ ಹೇಳತೀನಿ. ಬರಿಯಾಕ ನೀ ಅದಿ."

ತಂಗಿಗೆ ಸಿಟ್ಟು ಬಂತು, ನಗುವೂ ಬಂತು. ಬೆಳಿಗ್ಗೆ ಬರೆದಳು.

ಸುದ್ದಿ ಕಲ್ಲಿನ ಕಟ್ಟೆಗೆ ಮುಟ್ಟಿತು. ಯಜಮಾನನಿಗೆ ಬೆಕ್ಕಿನ ಕತೆಯಿಂದ ಏನೂ ಆಗಬೇಕಾದ್ದಿರಲಿಲ್ಲ. ಆದರೆ ಜನ ಕಣಕ್ಕೆ ಇಳಿಯದ ಮಾತನ್ನು ಓದುತ್ತಾರೆ, ನಾಳೆ ಏನು ಬರುತ್ತದೋ ಅಂತ ಕಾಯುತ್ತಾರೆ, ಅದು ಅವನಿಗೆ ಹಿಡಿಸಲಿಲ್ಲ. ಅವನ ಆಳುಗಳು ಹಾಡಹಗಲೇ ತಂಗಿಯ ಮನೆಗೆ ನುಗ್ಗಿದರು. ಒಬ್ಬ ಅವಳ ಜುಟ್ಟು ಹಿಡಿದು ನೆಲಕ್ಕೆ ಅದುಮಿದ, ಒಬ್ಬ ಬಲಗೈಯನ್ನು ಒರಳಕಲ್ಲಿನ ಮೇಲೆ ಚಾಚಿದ, ಇನ್ನೊಬ್ಬ ಅವಳದೇ ಮನೆಯ ಒನಕೆ ಎತ್ತಿದ. ಎಲುಬು ಮುರಿಯುವ ಸದ್ದು ಹಿತ್ತಲವರೆಗೂ ಕೇಳಿತು. ಅಲ್ಲಿ ತಾಯಿ ಕಿವಿ ಮುಚ್ಚಿಕೊಂಡು ಕೂತಿದ್ದಳು.

"ಬರೂ ಅಮಾಸಿಗೆ ನಿನ್ನ ಟಗರು ಕಣಕ್ಕ ಬರಬೇಕು. ಬಂಡೆ ಕೂಡ ಕಾದಬೇಕು. ಇದು ಯಜಮಾನರ ಅಪ್ಪಣೆ" ಅಂದು ಹೋದರು.

ಮರುದಿನ ಬೆಣ್ಣೆ ಎಂದಿನಂತೆ ಬಂದು ಅಡ್ಡ ನಿಂತಿತು. ತಂಗಿ ಬಟ್ಟೆ ಸುತ್ತಿದ ಬಲಗೈಯನ್ನು ನೋಡಿದಳು, ಟಗರನ್ನು ನೋಡಿದಳು. ಎಡಗೈಯಲ್ಲಿ ಕುಂಚ ತೆಗೆದುಕೊಂಡಳು. ಅಕ್ಷರ ಮಗು ಬರೆದ ಹಾಗಿತ್ತು. ಬರೆದದ್ದು ಹೀಗೆ: ನಿನ್ನೆ ನನ್ನ ಬೆರಳು ಮುರಿದರು, ಇವತ್ತು ಒಲೆ ಹೊತ್ತಿಸಿದ್ದು ಅವ್ವ. ಹಳ್ಳದಲ್ಲಿ ಹೆಂಗಸರು ಒಂದು ಬದಿ ಓದಿ, ಸುತ್ತಿ ಹೋಗಿ ಇನ್ನೊಂದು ಬದಿ ಓದಿ, ಒಬ್ಬರ ಮುಖ ಒಬ್ಬರು ನೋಡದೆ ಕೊಡ ತುಂಬಿಕೊಂಡರು.

ದಿನವೂ ಬರೆದು ಎಡಗೈ ಪಳಗುವಷ್ಟರಲ್ಲಿ ಅಮಾವಾಸ್ಯೆ ಹತ್ತಿರ ಬಂತು. ಆಗ ತಂಗಿಗೆ ಒಂದು ಸಂಗತಿ ಹೊಳೆಯಿತು. ಬೆಣ್ಣೆಗೆ ಕಾದಾಡುವುದು ಗೊತ್ತೇ ಇರಲಿಲ್ಲ. ಅವಳು ಮುದುಕಿಯ ಗುಡಿಸಲಿಗೆ ಓಡಿದಳು.

"ಅದು ಹಾಯೂದಿಲ್ಲ ಅಜ್ಜಿ! ಅದಕ್ಕ ನಿಂದ್ರೂದೊಂದ ಬರತೈತಿ. ಬಂಡೆ ಅದನ್ನ ಕೊಂದು ಹಾಕತೈತಿ!"

ಮುದುಕಿ ಗೋಂದು ಅರೆಯುವುದನ್ನು ನಿಲ್ಲಿಸಲಿಲ್ಲ. "ಹೌದು."

"ಗೊತ್ತಿತ್ತೇನು ನಿನಗ? ಮದಲ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬರೀತಿದ್ದ್ಯೇನು?"

ತಂಗಿ ಮಸಿಯ ಮಡಕೆಯನ್ನು ಒದ್ದು ಉರುಳಿಸಿದಳು. ಗುಡಿಸಲ ನೆಲವೆಲ್ಲ ಕಪ್ಪಾಯಿತು. ಮುದುಕಿ ಬಯ್ಯಲಿಲ್ಲ, ಮತ್ತೊಂದು ಮಡಕೆ ಎಳೆದುಕೊಂಡಳು. ಮೊದಲ ಬಾರಿಗೆ ಅವಳ ದನಿ ಮೆತ್ತಗಿತ್ತು. "ಕಣದಾಗ ಇಳದ ಟಗರು ಯಾವುದಾರ ಒಂದ ಗಳಿಗಿ ನಿಂತದ್ದು ಕಂಡೀಯೇನು? ಕುಣೀತಾವು, ಓಡತಾವು. ಯಾರಿಗೆ ಓದಾಕ ಆಗತೈತಿ? ನಿನ್ನದು ನಿಂದ್ರತೈತಿ. ಅದಕ್ಕಿಂತ ಹೆಚ್ಚಿಂದು ನನ್ನ ಹತ್ರ ಇಲ್ಲವ್ವ."

ಅಮಾವಾಸ್ಯೆಯ ಬೆಳಿಗ್ಗೆ ಕಣದ ಹಿಂದಿನ ದೊಡ್ಡಿಯಲ್ಲಿ ಎಲ್ಲ ಟಗರುಗಳೂ ಮೆಣಸಿನ ಉರಿಗೆ ಅರಚುತ್ತಿದ್ದವು. ತಂಗಿಯ ಎಡಗೈಯಲ್ಲೂ ಹಿಡಿ ಮೆಣಸಿನಪುಡಿಯಿತ್ತು. ಹಾಕಿದರೆ ಒಂದು ಡಿಕ್ಕಿಯಾದರೂ ಕೊಟ್ಟೀತು, ಓಡಿಯಾದರೂ ಹೋದೀತು, ಬದುಕೀತು. ಬೆಣ್ಣೆ ಅವಳ ಮುಷ್ಟಿ ಮೂಸಿತು, ಸೀನಿತು, ಆಮೇಲೆ ಅಡ್ಡ ತಿರುಗಿ ಎಡಮಗ್ಗುಲು ಕೊಟ್ಟು ನಿಂತಿತು. ತಂಗಿಯ ಕಣ್ಣಲ್ಲಿ ನೀರು ಧಾರೆಯಾಯಿತು. ಅವಳು ಅದನ್ನು ಅಷ್ಟು ಪ್ರೀತಿಸುತ್ತಿದ್ದಳು. ಪುಡಿಯನ್ನು ನೆಲಕ್ಕೆ ಚೆಲ್ಲಿ, ಕೈ ಉಜ್ಜಿ ತೊಳೆದುಕೊಂಡು ಕುಂಚ ಹಿಡಿದಳು. ಆ ಗದ್ದಲದ ನಡುವೆ, ದಿನವೂ ಬರೆಯುವ ಹಾಗೆಯೇ, ಅವಸರವಿಲ್ಲದೆ ಬರೆದಳು. ಕೈ ನಡುಗಲಿಲ್ಲ. ಬರೆದು ಮುಗಿಸಿ, ಪದ್ಧತಿಯಂತೆ ಕಂಬಳಿ ಹೊದಿಸಿದಳು.

ಡೊಳ್ಳು ಬಡಿಯಿತು. ಸಿಡಿಲು ಕರಿಗುಂಡುವಿನ ಕಿವಿ ಹರಿದು ಹಾಕಿತು, ಇನ್ನಾವುದೋ ಟಗರಿನ ಕೊಂಬು ಬುಡಸಹಿತ ಕಿತ್ತು ಬಂತು, ಬೂದಿಯವನು ಮತ್ತೆ ಮತ್ತೆ ಓಡಿದ, ಚಾಟಿ ಮತ್ತೆ ಮತ್ತೆ ಎದ್ದಿತು. ಕಣದ ಮಣ್ಣು ರಕ್ತ ಕುಡಿದು ಅಂಟಂಟಾಯಿತು. ಕಡೆಗೆ ಬಂಡೆ ಬಂತು, ಕೊಂಬಿಗೆ ಕಬ್ಬಿಣದ ಉಂಗುರ ಹಾಕಿಕೊಂಡು. ಅದರ ಮೈಮೇಲೆ ಒಂದೇ ಪದ: ಸುಳ್ಳಿ.

ತಂಗಿ ಬೆಣ್ಣೆಯನ್ನು ನಡುಕಣಕ್ಕೆ ನಡೆಸಿದಳು. ಎಡಮಗ್ಗುಲು ಇಳಿಜಾರಿನ ಜನರತ್ತ, ಬಲಮಗ್ಗುಲು ಕಟ್ಟೆಯತ್ತ ಬರುವ ಹಾಗೆ ನಿಲ್ಲಿಸಿ ಕಂಬಳಿ ತೆಗೆದಳು. ಬೆಣ್ಣೆ ಕಣ್ಣು ಅರೆಮುಚ್ಚಿ ನಿಂತಿತು.

ಸಣ್ಣ ಅಕ್ಷರ, ಸಾಲು ಸಾಲು. ಇಳಿಜಾರಿನಲ್ಲಿ ಮುಂದೆ ಕೂತವರು ಓದುತ್ತ ತುಟಿ ಅಲ್ಲಾಡಿಸಿದರು, ಹಿಂದಿನವರು ಅವರ ಹೆಗಲ ಮೇಲೆ ಬಾಗಿದರು. ಹೀಗಿತ್ತು: ನನ್ನ ಅಣ್ಣ ಗೂಡಿನ ಬಾಯಿಯ ಹತ್ತಿರ ಕೂತು ರೊಟ್ಟಿ ತಿನ್ನುತ್ತಿದ್ದ. ನಾನು ಕಲ್ಲುರಾಶಿಯ ಹಿಂದೆ ಇದ್ದೆ. ಖಾರ ಜಾಸ್ತಿಯಾಯಿತು, ಬೇಗ ನೀರು ತಾ ಅಂತ ಕೂಗಿದ. ನಾನು ತಿರುಗಿ ನೋಡಿದಾಗ ಅವನ ಬೆನ್ನ ಹಿಂದೆ ಒಂದು ಕೈ ಕಾಣಿಸಿತು. ಆ ಕೈಯಲ್ಲಿ

ಎಡಮಗ್ಗುಲು ಅಲ್ಲಿಗೆ ಮುಗಿದಿತ್ತು.

ಬಂಡೆ ಓಡಿ ಬಂದು ಡಿಕ್ಕಿ ಹೊಡೆಯಿತು. ಬೆಣ್ಣೆ ಹಿಂಗಾಲ ಮೇಲೆ ತೂರಾಡಿ, ಮತ್ತೆ ಬಂದು ಅದೇ ಜಾಗದಲ್ಲಿ ಅಡ್ಡ ನಿಂತಿತು. ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಮತ್ತೊಂದು ಡಿಕ್ಕಿಗೆ ಒಂದು ಕೊಂಬು ಮುರಿಯಿತು. ಮತ್ತೆ ನಿಂತಿತು. ಡೊಳ್ಳಿನವನು ಬಡಿಯುವುದನ್ನು ಮರೆತ. ಆಗ ಜನ ಕಟ್ಟೆಯತ್ತ ನೋಡಿದರು. ಬಲಮಗ್ಗುಲು ಕಾಣುತ್ತಿದ್ದದ್ದು ಅಲ್ಲಿ ಕೂತ ಒಬ್ಬನಿಗೇ. ಯಜಮಾನನ ಮುಖ ಸುಣ್ಣ ಬಳಿದ ಹಾಗಿತ್ತು.

"ಹೊಡೀಲೇ! ಹಾಯಿಸ್ಲೇ ಅದನ್ನ!" ಅಂತ ಅವನು ಎದ್ದು ನಿಂತು ಕಿರುಚಿದ.

ಬಂಡೆ ಕಣದ ಅಂಚಿನಿಂದ ಓಡಿ ಬಂತು. ಈ ಸಲ ಬೆಣ್ಣೆಯ ಹಣೆ ಒಡೆದ ಸದ್ದು ಇಳಿಜಾರಿನ ತುದಿಯವರೆಗೂ ಕೇಳಿತು. ಅದು ಒಂದು ಗಳಿಗೆ ನಿಂತೇ ಇತ್ತು, ಆಮೇಲೆ ಬಲಮಗ್ಗುಲಿಗೆ ಬಿತ್ತು. ಕಾಲು ಒಮ್ಮೆ ಸೆಟೆದು ಸುಮ್ಮನಾಯಿತು.

ತಂಗಿ ಅದರ ತಲೆಯ ಹತ್ತಿರ ಕುಸಿದು ಕೂತಳು. ಗೆದ್ದದ್ದು ನಿಜ, ಸೋತದ್ದು ಸುಳ್ಳು. ಇಷ್ಟೇ ಆಯಿತಲ್ಲ, ನನ್ನ ಮಗುವಿನಂಥದ್ದನ್ನು ಕೊಂದೆನಲ್ಲ ಅಂತ ಅದರ ಒಡೆದ ಹಣೆಯನ್ನು ಎಡಗೈಯಲ್ಲಿ ಸವರಿದಳು. ಚಾಟಿಯವನು ಅಂಗಿಯ ತೋಳು ಮಡಚುತ್ತ ಬಂದ. ಬೂದಿಯವನು ಬುಟ್ಟಿ ಹೊತ್ತು ಓಡಿ ಬಂದ.

"ಬೂದಿ! ಬೂದಿ ಹಾಕು ಲಗೂ!" ಯಜಮಾನ ಕಟ್ಟೆಯ ಅಂಚಿಗೆ ಬಂದಿದ್ದ.

ಬೂದಿಯವನು ಬುಟ್ಟಿ ಎತ್ತಿದ. ಮುಖ ತಿರುಗಿಸಲಿಲ್ಲ. ಎಡಮಗ್ಗುಲಿನ ಕೊನೆಯ ಸಾಲಿನ ಮೇಲೆ ಅವನ ಕಣ್ಣು ನಿಂತಿತ್ತು. ಬುಟ್ಟಿಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ.

"ತಡೀರಿ ಯಜಮಾನ್ರ" ಅಂದ. "ಇನ್ನಾ ಓದಿ ಮುಗದಿಲ್ಲ."

ಆಮೇಲೆ ಬಗ್ಗಿ ಟಗರಿನ ಹಿಂಗಾಲು ಹಿಡಿದ. ಒಬ್ಬನಿಂದ ಆಗಲಿಲ್ಲ. ಇಳಿಜಾರಿನಿಂದ ಅವನ ಹೆಂಡತಿ ಇಳಿದು ಬಂದಳು, ನೀರಿನವಳು ಬಂದಳು, ಹಳ್ಳದ ಹೆಂಗಸರೆಲ್ಲ ಸೀರೆ ಎತ್ತಿ ಕಟ್ಟಿ ರಕ್ತದ ಕೆಸರಿಗೆ ಇಳಿದರು. ಆಚೆ ಬದಿಗೆ ಸುತ್ತಿ ಓದುವುದು ಅವರಿಗೆ ರೂಢಿಯಾಗಿತ್ತು. ಈಗ ಸುತ್ತಿ ಹೋಗಲು ಆಗದ್ದರಿಂದ ಟಗರನ್ನೇ ಹೊರಳಿಸಿದರು. ಚಾಟಿಯವನು ಚಾಟಿ ಎತ್ತಿ ಒಬ್ಬಳಿಗೆ ಬಾರಿಸಿದ, ಇನ್ನೊಬ್ಬಳಿಗೆ ಬಾರಿಸಿದ. ಅವರು ತಿರುಗಿಯೂ ನೋಡಲಿಲ್ಲ. ಅವನು ಮೂರನೆಯವಳ ಮೇಲೆ ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡು, ಅವಳ ಹೆಗಲ ಮೇಲಿಂದ ತಾನೂ ಬಗ್ಗಿ ನೋಡಿದ.

ಬಲಮಗ್ಗುಲಿಗೆ ಮಣ್ಣು ಮೆತ್ತಿತ್ತು. ಬೂದಿಯವನ ಹೆಂಡತಿ ಸೆರಗಿನಿಂದ ಹಗುರಾಗಿ ಒರೆಸಿ ಗಟ್ಟಿಯಾಗಿ ಓದಿದಳು: ಹಿತ್ತಾಳೆಯ ಕಡಗ ಇತ್ತು. ಕೈ ನೂಕಿತು. ಬೀಳುವಾಗ ನನ್ನ ಅಣ್ಣ ಆ ಕೈಯನ್ನೇ ಹಿಡಿದುಕೊಳ್ಳಲು ನೋಡಿದ. ಅವನ ಬಾಯಲ್ಲಿ ಇನ್ನೂ ರೊಟ್ಟಿ ಇತ್ತು.

ಇಡೀ ಇಳಿಜಾರು ಕಟ್ಟೆಯತ್ತ ತಿರುಗಿತು. ಯಜಮಾನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಆಮೇಲೆ ಎಲ್ಲರೂ ನೋಡುತ್ತಿದ್ದ ಹಾಗೆಯೇ ಅದನ್ನು ಮುಂದೆ ತಂದು, ಎಡಗೈಯಿಂದ ಕಡಗ ಹಿಡಿದು ಎಳೆದ. ಅದು ಬರಲಿಲ್ಲ. ಉಗುಳು ಹಚ್ಚಿ ಎಳೆದ, ಕಟ್ಟೆಯ ಕಲ್ಲಿಗೆ ಜಜ್ಜಿ ಎಳೆದ. ಚರ್ಮ ಸುಲಿದು ರಕ್ತ ಬೆರಳಿನಿಂದ ತೊಟ್ಟಿಕ್ಕಿತು, ಕಡಗ ಮಾತ್ರ ಮಾಂಸದೊಳಗೆ ಕೂತಲ್ಲೇ ಕೂತಿತ್ತು. ಅವನ ಮೇಲೆ ಯಾರೂ ಒಂದು ಕಲ್ಲನ್ನೂ ಎಸೆಯಲಿಲ್ಲ, ಸುಮ್ಮನೆ ಕೈ ನೋಡುತ್ತಿದ್ದರು.

ಆಗ ಜನರ ನಡುವಿನಿಂದ ಒಂದು ಮುದಿ ದನಿ ಎದ್ದಿತು. ತಂಗಿ ತಲೆ ಎತ್ತಿದಳು. ಅವಳ ತಾಯಿ ಎದ್ದು ನಿಂತಿದ್ದಳು, ಎರಡೂ ಅಂಗೈಗಳನ್ನು ಮುಂದೆ ಚಾಚಿಕೊಂಡು, ಊರಿಗೆಲ್ಲ ತೋರಿಸುವ ಹಾಗೆ.

"ಆ ರೊಟ್ಟಿ ನಾ ಬಡದಿದ್ದೆ" ಅಂದಳು. "ಬಿಸೀದು ಕಟ್ಟಿ ಕಳಿಸಿದ್ದೆ. ನನ್ನ ಮಗ ಕುಡೀತಿದ್ದಿಲ್ಲ."